ಕ್ಯಾಟಲಿನ್ ಕಾರಿಕೋ ಯಾರು, ಅವ್ರಿಗೆ ನೊಬೆಲ್ ಬಂದಿದ್ದು ಯಾತಕ್ಕೆ?

ಹಂಗೇರಿಯ ಬಯೋಕೆಮಿಸ್ಟ್ ಈಕೆ, ಹುಟ್ಟಿದ್ದು 1955ರಲ್ಲಿ, ಅಪ್ಪಂದು ಮಾಂಸ ಕಡಿಯೋ ಕೆಲಸ. ಸೆಗೆಡ್‌ನಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲೇ ರಿಸರ್ಚ್ ಮಾಡ್ತಿದ್ರು, ಫಂಡಿಂಗ್ ನಿಂತೋಯ್ತು, 1985ರಲ್ಲಿ ಗಂಡ ಮತ್ತೆ ಪುಟ್ಟ ಮಗಳ ಜೊತೆ ಅಮೆರಿಕಕ್ಕೆ ಹೊರಟ್ರು. ಆಗ ದೇಶದಿಂದ ಜಾಸ್ತಿ ದುಡ್ಡು ಹೊರಗೆ ಒಯ್ಯೋ ಹಾಗಿರಲಿಲ್ಲ, ಅದಕ್ಕೆ ಕಾರು ಮಾರಿ ಬಂದ 900 ಪೌಂಡನ್ನ ಮಗಳ ಟೆಡ್ಡಿ ಬೇರ್ ಒಳಗಿಟ್ಟು ಹೊಲಿದ್ಬಿಟ್ರು!

ಅಲ್ಲಿ ಹಿಡಿದಿದ್ದು ಎಂಆರ್‌ಎನ್‌ಎ. ಜೀವಕೋಶಕ್ಕೆ 'ಈ ಪ್ರೋಟೀನ್ ಮಾಡು' ಅಂತ ಹೇಳೋ ಚೀಟಿ ಅಂದ್ಕೊಳ್ಳಿ. ಗ್ರಾಂಟ್ ಯಾರೂ ಕೊಡ್ಲಿಲ್ಲ, 1995ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಹುದ್ದೆನೇ ಕೆಳಗಿಳಿಸ್ತು, ಬೇರೆಯವ್ರಾಗಿದ್ರೆ ಬಿಟ್ಟೋಗ್ತಿದ್ರು ಬಿಡಿ. ಆಮೇಲೆ ಝೆರಾಕ್ಸ್ ಮಷೀನ್ ಹತ್ರ ರೋಗನಿರೋಧಕ ಶಕ್ತಿ ಬಗ್ಗೆ ರಿಸರ್ಚ್ ಮಾಡ್ತಿದ್ದ ಡ್ರೂ ವೈಸ್‌ಮನ್ ಪರಿಚಯ ಆಯ್ತು. ಲ್ಯಾಬಲ್ಲಿ ಮಾಡಿದ ಎಂಆರ್‌ಎನ್‌ಎ ಒಳಗೆ ಹೋದ್ರೆ ದೇಹ ಅದನ್ನ ಶತ್ರು ಅಂದ್ಕೊಂಡು ಉರಿಯೂತ ಎಬ್ಬಿಸ್ತಿತ್ತು, ಇವ್ರಿಬ್ರೂ ಅದ್ರಲ್ಲಿರೋ ಯೂರಿಡಿನ್ ಅನ್ನೋ ಘಟಕ ತೆಗ್ದು ಅದನ್ನೇ ಹೋಲೋ ಸ್ಯೂಡೋಯೂರಿಡಿನ್ ಹಾಕಿದ್ರು, ಗಲಾಟೆ ತಣ್ಣಗಾಯ್ತು. 2005ರಲ್ಲಿ ಪೇಪರ್ ಬಂದಾಗ ಹೆಚ್ಚು ಜನ ತಲೆ ಕೆಡಿಸ್ಕೊಳ್ಳಲಿಲ್ಲ. ಕೋವಿಡ್ ಬಂದಾಗ ಫೈಜರ್-ಬಯೋಎನ್‌ಟೆಕ್, ಮಾಡರ್ನಾ ಎರಡೂ ಲಸಿಕೆ ನಿಂತಿದ್ದು ಇದೇ ಐಡಿಯಾ ಮೇಲೆ, 2023ರಲ್ಲಿ ಇಬ್ರಿಗೂ ಮೆಡಿಸಿನ್ ನೊಬೆಲ್.

ಅಂದಹಾಗೆ ಆ ಟೆಡ್ಡಿ ಬೇರ್ ಹುಡುಗಿ ರೋಯಿಂಗ್‌ನಲ್ಲಿ ಅಮೆರಿಕಕ್ಕೆ ಎರಡು ಒಲಿಂಪಿಕ್ ಚಿನ್ನ ತಂದ್ಳು, 2008 ಮತ್ತೆ 2012ರಲ್ಲಿ.