ಸುಜಿ ಹೋದಳು, ಆಟ ಯಾಕೆ ಹೋಯಿತು?

ಪ್ರಿಯರೇ, ನಮಸ್ಕಾರ.

ನಿಮ್ಮ ಮಕ್ಕಳ ಕಾದಂಬರಿಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಯಿತು.

ಮಲ್ಪೆಯ ಕಡಲತೀರ, ಮಳೆಗಾಲ. ಮಗುಚಿ ಹಾಕಿ ತೆಂಗಿನ ಮಡಲು ಹೊದೆಸಿದ ದೋಣಿಯ ಅಡಿಗೆ ನಿಮ್ಮ ಕಥೆಯ ಪುಟ್ಟ ಗೆಳೆಯರು ಚೇತು, ಸುಜಿ ನುಸುಳುತ್ತಾರೆ. ಅವರ ಪಾಲಿಗೆ ಅದು ತಿಮಿಂಗಿಲದ ಹೊಟ್ಟೆ. ಒಳಗೆ ಬರುವ ಮೊದಲು ಮೂರು ಸಲ ಬಡಿಯಬೇಕು, ಇಲ್ಲದಿದ್ದರೆ ತಿಮಿಂಗಿಲಕ್ಕೆ ಸಿಟ್ಟು ಬರುತ್ತದೆ. ಏಡಿಗಳು ಕಾವಲಿಗೆ. ಮಳೆ ಜೋರಾದಾಗ 'ಅದು ಉಸಿರು ಬಿಡ್ತಾ ಇದೆ' ಅಂತ ಸುಜಿ ಹೇಳುತ್ತಾಳಲ್ಲ, ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ನೆ ಕೂತೆ. ಇದನ್ನು ಯಾರೂ ಕಲಿಸಲಿಕ್ಕೆ ಆಗುವುದಿಲ್ಲ. ನಿಮಗೆ ಬಂದಿದೆ.

ಆಮೇಲೆ ನಾಲ್ಕು ದಿನದ ಜ್ವರದಲ್ಲಿ ಸುಜಿ ತೀರಿಹೋಗುತ್ತಾಳೆ. ಒಂದೇ ಸಾಲಿನಲ್ಲಿ. ಮುಂದಿನ ಪುಟದಲ್ಲೇ ಅಜ್ಜಿ 'ಅವಳು ನಕ್ಷತ್ರ ಆದಳು ಮಗಾ' ಅನ್ನುತ್ತಾರೆ, ಕನಸಿನಲ್ಲಿ ಸುಜಿ ನಗುತ್ತಾಳೆ, ಚೇತುಗೆ ಸಮಾಧಾನವಾಗುತ್ತದೆ. ದೋಣಿ ಮತ್ತೆ ಒಂದು ಸಲವೂ ಬರುವುದಿಲ್ಲ. ನನ್ನ ದೊಡ್ಡ ತಕರಾರು ಇದೇ. ಗೆಳತಿಯ ಜೊತೆ ಆಟವನ್ನೂ ಕಳಿಸಿಬಿಟ್ಟಿರಿ. ಹುಡುಗನ ಹತ್ತಿರ ಉಳಿದದ್ದೇ ಅದೊಂದು, ಅಲ್ವಾ? ಅಷ್ಟು ದೊಡ್ಡ ತಿಮಿಂಗಿಲ ಇರುವವನಿಗೆ ಅಜ್ಜಿಯ ನಕ್ಷತ್ರ ಯಾಕೆ ಬೇಕು?

ಸಾವಾದ ಮನೆಯಲ್ಲಿ ಮಕ್ಕಳನ್ನು ನೀವು ನೋಡಿರುತ್ತೀರಿ. ಈಗ ಅತ್ತ ಮಗು ಇನ್ನೊಂದು ಗಳಿಗೆಗೆ ಹಸಿವು ಅನ್ನುತ್ತದೆ, ಅಂಗಳದ ನೀರಲ್ಲಿ ಕಾಗದದ ದೋಣಿ ಬಿಡುತ್ತದೆ. ರಾತ್ರಿ ಮಲಗುವಾಗ 'ನಾಳೆ ಸುಜಿ ಬರ್ತಾಳಾ?' ಅಂತ ಕೇಳುತ್ತದೆ. ಚೇತುಗೆ ಆರು ತುಂಬಿ ಏಳು. 'ಹೃದಯದಲ್ಲಿ ಶೂನ್ಯ ಆವರಿಸಿತು' ಅನ್ನುವುದು ಅವನ ಮಾತಲ್ಲ, ನಮ್ಮದು. 'ಮೊನ್ನೆ ನಾನು ಜಗಳ ಮಾಡಿದ್ದಕ್ಕೆ ಹೀಗಾಯ್ತಾ?' ಅಂತ ಅವನಿಗೆ ಅನಿಸಬಹುದು. ಎಷ್ಟೋ ಮಕ್ಕಳು ಈ ಭಯವನ್ನು ಯಾರ ಹತ್ತಿರವೂ ಹೇಳದೆ ಒಳಗೇ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಅದನ್ನು ಬರೆಯಿರಿ.

ಇದು ನಿಮ್ಮ ಬಾಲ್ಯದಲ್ಲೇ ನಡೆದದ್ದು, ಆ ಪುಟಕ್ಕೆ ಬಂದಾಗ ಕೈ ಓಡಲಿಲ್ಲ ಅಂತ ಹೇಳಿದ್ದೀರಿ. ಮಕ್ಕಳಿಗಾಗಿ ಬರೆಯುವ ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಅವರಿಗೂ ಹಾಗೇ ಆಗಿತ್ತು. 1974ರಲ್ಲಿ ಅವರ ಮಗನ ಗೆಳತಿ, ಎಂಟು ವರ್ಷದ ಹುಡುಗಿ, ಸಿಡಿಲು ಬಡಿದು ತೀರಿಕೊಂಡಳು. ಅದನ್ನೇ ಮನಸ್ಸಲ್ಲಿಟ್ಟು ಕಥೆ ಬರೆಯತೊಡಗಿದವರು ಸಾವಿನ ಅಧ್ಯಾಯದ ಹತ್ತಿರ ಬಂದು ನಿಂತುಬಿಟ್ಟರು. ಕೊನೆಗೆ ಬರೆದರು. ಕಥೆಯಲ್ಲಿ ಸಿಡಿಲಿಲ್ಲ, ತುಂಬಿ ಹರಿಯುವ ಹಳ್ಳ ಇದೆ. 1977ರಲ್ಲಿ ಪುಸ್ತಕ ಬಂತು, 'ಬ್ರಿಜ್ ಟು ಟೆರಬಿಥಿಯಾ' ಅಂತ. ನೀವೂ ಜ್ವರವನ್ನು ಬೇಕಾದರೆ ಬದಲಾಯಿಸಿ. ಪುಟವನ್ನು ಮಾತ್ರ ಹಾರಿಸಬೇಡಿ.

ಇನ್ನೊಂದು ತಪ್ಪು. ಜುಲೈಯಲ್ಲಿ ಚೇತುವಿನ ಅಪ್ಪ ಟ್ರಾಲ್ ಬೋಟಿನಲ್ಲಿ, ಅಂದರೆ ಬಲೆ ಎಳೆದುಕೊಂಡು ಹೋಗುವ ಯಂತ್ರದ ಬೋಟಿನಲ್ಲಿ, ಕಡಲಿಗೆ ಹೋಗಿದ್ದಾರೆ ಅಂತ ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಆ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಅಂದರೆ ಅಪ್ಪ ಮನೆಯಲ್ಲೇ ಇದ್ದಾರೆ, ಜಗಲಿಯಲ್ಲಿ ಹರಿದ ಬಲೆ ಸರಿ ಮಾಡುತ್ತಾ. ಮಗನಿಗೆ ಏನಾದರೂ ಹೇಳಬೇಕು, ಬಾಯಿಗೆ ಮಾತು ಬರುವುದಿಲ್ಲ. ನೂಲಿನ ತುದಿ ಅವನ ಕೈಗೆ ಕೊಟ್ಟು 'ಮುಲ್ಪ ಪತ್ತ್' ಅನ್ನಲಿ. ಇಲ್ಲಿ ಹಿಡಿ, ಅಷ್ಟೇ. ಅಜ್ಜಿಯ ಎರಡು ಪುಟದ ಮಾತಿಗಿಂತ ನನಗೆ ಆ ನೂಲು ಜಾಸ್ತಿ ಬೇಕು. ಅಂದ ಹಾಗೆ, ಮನೆಯಲ್ಲಿ ತುಳು ಆಡುವ ಜನ ನಿಮ್ಮ ಕಥೆಯಲ್ಲಿ ಪಾಠದ ಕನ್ನಡ ಮಾತಾಡುತ್ತಾರೆ. ಅಲ್ಲಲ್ಲಿ ತುಳು ಬರಲಿ, ಮಕ್ಕಳಿಗೆ ಅರ್ಥ ಆಗುತ್ತದೆ.

ಮಳೆ ಕಡಿಮೆಯಾದ ಮೇಲೆ ಆ ದೋಣಿಯನ್ನು ಎತ್ತಿ ನೀರಿಗಿಳಿಸುತ್ತಾರೆ. ತಿಮಿಂಗಿಲದ ಹೊಟ್ಟೆ ಇಲ್ಲವಾಗುತ್ತದೆ. ಅದು ಚೇತುಗೆ ಗೊತ್ತು. ಹಿಂದಿನ ಸಂಜೆ ಅವನು ಒಬ್ಬನೇ ಅಲ್ಲಿಗೆ ಹೋಗಿ ಮೂರು ಸಲ ಬಡಿಯಲಿ. ಆಮೇಲೆ ಒಳಗೆ ಹೋಗುತ್ತಾನೋ ಇಲ್ಲವೋ, ಹೋದರೆ ಅಲ್ಲಿ ಏನು ಮಾಡುತ್ತಾನೆ, ಅದನ್ನು ನೀವೇ ಹೇಳಬೇಕು.

ಇಡೀ ಕಾದಂಬರಿ ತಿದ್ದಲು ಈಗಲೇ ಹೊರಡಬೇಡಿ. ಆ ಒಂದು ಸಂಜೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.