ಹಬ್ಬದ ರಾತ್ರಿ ಹಗ್ಗ ಬಿಗಿಯಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮದುವೆ ಮೆರವಣಿಗೆಗೆ ಕೊಡುವ ಒಂದು ಬಿಳಿ ಹೆಣ್ಣು ಕುದುರೆ ಇದೆ, ಜೊತೆಗೊಂದು ನಾಯಿ. ಹೋದ ದೀಪಾವಳಿ ಅಮಾವಾಸ್ಯೆ ರಾತ್ರಿ ಪಟಾಕಿಗೆ ಬೆದರಿ ಕುದುರೆ ಗೂಟ ಕಿತ್ತುಕೊಂಡು ಓಡಿ ಕಾಲು ತರಚಿಕೊಂಡಿತು. ನಾಯಿ ಮನೆ ಬಿಟ್ಟು ಹೋಗಿ ಎರಡು ದಿನ ಬಿಟ್ಟು ಬಂತು. ಈ ಸಲ ಎರಡನ್ನೂ ಸರಪಳಿ ಹಾಕಿ ಭದ್ರವಾಗಿ ಕಟ್ಟೋಣ ಅಂತಿದ್ದೇವೆ. ನಿದ್ದೆ ಮಾತ್ರೆ ಕೊಡಬಹುದಾ?

ಉತ್ತರ: ಸರಪಳಿ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಹೆದರಿದ ಕುದುರೆಗೆ ಗೊತ್ತಿರುವುದು ಓಡುವುದೊಂದೇ. ಕಟ್ಟಿದ್ದರೆ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ಬಿಗಿಯುತ್ತದೆ, ಇನ್ನೂ ಜೋರಾಗಿ ಜಗ್ಗುತ್ತದೆ. ಕತ್ತು ಉಳುಕುವುದು, ಕಾಲು ಮುರಿಯುವುದು ಹೀಗೇ. ಹಿಂಗಾಲಿಗೂ ಹಗ್ಗ ಹಾಕಿ ಗೂಟಕ್ಕೆ ಬಿಗಿಯುವವರಿದ್ದಾರೆ. ಆ ಹಗ್ಗವನ್ನಂತೂ ಆ ರಾತ್ರಿ ಬಿಚ್ಚಿ ಮೇಲಿಡಿ.

ದಿನಾ ನಿಲ್ಲುವ ಲಾಯದಲ್ಲೇ ಬಿಡಿ, ಬಾಗಿಲಿಗೆ ಅಡ್ಡ ಗಳ ಹಾಕಿ. ಒಳಗೆ ತಿರುಗಾಡುವಷ್ಟು ಜಾಗ ಇರಲಿ. ಹಗಲಿನಲ್ಲೇ ಗೋಡೆಗುಂಟ ಕೈಯಾಡಿಸಿ ನೋಡಿ. ಎದ್ದ ಮೊಳೆ, ತಗಡಿನ ಚೂಪು ಅಂಚು, ಗೋಡೆಗೆ ನೇತು ಹಾಕಿದ ಬಕೆಟ್, ಎಲ್ಲ ತೆಗೆಯಿರಿ. ಮೇಲೆ ತಗಡಿನ ಶೀಟಿದ್ದರೆ ಒದ್ದೆ ಗೋಣಿಚೀಲ ಹಾಸಿ. ರಾಕೆಟ್ ಬಂದು ಬಿದ್ದರೂ ಸದ್ದು ಕಮ್ಮಿ, ಕಿಡಿಗೂ ಒಳ್ಳೆಯದು. ಒಳಗೆ ಲೈಟು ಹಾಕಿಯೇ ಇಡಿ. ಕತ್ತಲಿದ್ದರೆ ಹೊರಗಿನ ಮಿಂಚು ಎದ್ದು ಕಾಣುತ್ತದೆ. ಹಸಿ ಹುಲ್ಲೋ ಕುದುರೆ ಮಸಾಲೆ (ಲೂಸರ್ನ್) ಸೊಪ್ಪೋ ಧಾರಾಳವಾಗಿ ಹಾಕಿ. ಮೆಲ್ಲುತ್ತಾ ಇದ್ದರೆ ಮನಸ್ಸು ಅತ್ತ ಇರುತ್ತದೆ. ಹಬ್ಬ ಅಂತ ಕಡಲೆ, ಬೂಸಾ ಮಾತ್ರ ಜಾಸ್ತಿ ಸುರಿಯಬೇಡಿ. ಕುದುರೆಗೆ ಒಂಟಿತನ ತಡೆಯಲು ಆಗುವುದಿಲ್ಲ. ಅದಕ್ಕೆ ಹೊಂದಿಕೊಂಡ ಮೇಕೆ ಮನೆಯಲ್ಲಿದ್ದರೆ ಪಕ್ಕದಲ್ಲೇ ಬಿಡಿ.

ಅದರ ಪರಿಚಯದವರೊಬ್ಬರು ಗಳದ ಹೊರಗೆ ನಿಂತು ಮಾತಾಡಿಸುತ್ತಿರಲಿ. ಕುಣಿಯತೊಡಗಿದರೆ ಒಳಗೆ ನುಗ್ಗಬೇಡಿ. ಗೋಡೆಗೂ ಕುದುರೆಗೂ ನಡುವೆ ಸಿಕ್ಕಿಕೊಂಡವರ ಪಕ್ಕೆಲುಬಿಗೆ ಪಟ್ಟಿ ಕಟ್ಟುವುದು ನನ್ನ ಕೆಲಸ ಅಲ್ಲ!

ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಗೊತ್ತು ಮಾಡಿತು. ಅದನ್ನು ನಂಬಿ ಕೂರಬೇಡಿ. ಬಜಾರಿನಲ್ಲಿ ಅಂಗಡಿ ಪೂಜೆ ಯಾವಾಗ ಮುಗಿಯುತ್ತದೋ ಆಗಲೇ ಮಾಲೆ ಪಟಾಕಿ. ಸಂಜೆ ದೀಪ ಹಚ್ಚುವ ಮೊದಲೇ ನಿಮ್ಮ ಕೆಲಸ ಮುಗಿದಿರಲಿ.

ಮಾತ್ರೆ ವಿಷಯ. ಅಸೆಪ್ರೊಮಜಿನ್ ಅಂತ ಹಳೆಯ ಔಷಧಿ ಒಂದಿದೆ. ಅದರಿಂದ ಮೈ ಜೋಲುತ್ತದೆ, ನೋಡಿದವರಿಗೆ ಪ್ರಾಣಿ ಶಾಂತವಾಗಿದೆ ಅನ್ನಿಸುತ್ತದೆ. ಆದರೆ ಸದ್ದು ಕೇಳಿಸುತ್ತಲೇ ಇರುತ್ತದೆ, ಹೆದರಿಕೆಯೂ ಹಾಗೇ ಇರುತ್ತದೆ. ಓಡಲು ಮಾತ್ರ ಆಗುವುದಿಲ್ಲ. ಅದೂ ಒಂದು ಸರಪಳಿಯೇ ಅಲ್ವಾ? ಹೆದರಿಕೆಯನ್ನೇ ತಗ್ಗಿಸುವ ಔಷಧಿಗಳು ಬೇರೆ ಇವೆ. ತೂಕ, ವಯಸ್ಸು ನೋಡಿ ನಿಮ್ಮ ಪಶು ವೈದ್ಯರೇ ಬರೆಯಬೇಕು. ಹಬ್ಬಕ್ಕೆ ವಾರ ಇರುವಾಗಲೇ ಹೋಗಿ ಕೇಳಿ. ಮನೆಯಲ್ಲಿ ಅಜ್ಜನಿಗೆ ತಂದ ನಿದ್ದೆ ಮಾತ್ರೆ ಮುಟ್ಟಬೇಡಿ.

ಮರುದಿನ ಕುದುರೆಯ ಮೇಲೆ ಕಣ್ಣಿಡಿ. ಮೇವು ಬಿಟ್ಟರೆ, ಲದ್ದಿ ಹಾಕದಿದ್ದರೆ, ಮುಂಗಾಲಿನಿಂದ ನೆಲ ಕೆರೆದು ಹೊಟ್ಟೆ ಕಡೆ ತಿರುಗಿ ತಿರುಗಿ ನೋಡಿದರೆ ಹೊಟ್ಟೆಶೂಲೆ ಅಂತ ತಿಳಿಯಿರಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಕಾಯುವಂತಿಲ್ಲ. ದನಕ್ಕೆ ಹಾಕಿದ ಹಾಗೆ ಗೊಟ್ಟದಲ್ಲಿ ಎಣ್ಣೆ ಹೊಯ್ಯಲು ಹೋಗಬೇಡಿ, ಪುಪ್ಪುಸಕ್ಕೆ ಇಳಿದರೆ ಕಷ್ಟ. ವೈದ್ಯರನ್ನು ಕರೆಸಿ. ಪ್ರಾಣಿಗಳ ಚಿಕಿತ್ಸೆಗೆ ಬರುವ ಪಶು ಸಂಜೀವಿನಿ ಗಾಡಿಯ ಫೋನ್ ನಂಬರ್ 1962.

ಇನ್ನು ನಾಯಿ. ಸದ್ದು ಎಷ್ಟು ಕೀರಲು ಅನ್ನುವುದರ ಲೆಕ್ಕ ಹರ್ಟ್ಸ್; ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತರೆ ಅದರದ್ದು 45,000ದವರೆಗೂ ಹೋಗುತ್ತದೆ. ಹೊತ್ತು ಮುಳುಗುವ ಮೊದಲೇ ಹಗ್ಗ ಹಿಡಿದು ಹೊರಗೆ ಸುತ್ತಾಡಿಸಿ ತನ್ನಿ. ಆಮೇಲೆ ಒಳಕೋಣೆ, ಮುಚ್ಚಿದ ಕಿಟಕಿ, ಟಿವಿ ಸದ್ದು. ಮಂಚದ ಕೆಳಗೆ ನುಸುಳಿದರೆ ಎಳೆಯಬೇಡಿ, ಅದೇ ಅದರ ಕೋಟೆ. ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಅಂತಾರೆ, ಸುಮ್ನೆ ಮಾತು. ಹತ್ತಿರ ಬಂದರೆ ಬೆನ್ನು ಸವರಿ. ಕೊರಳಪಟ್ಟಿಗೆ ಫೋನ್ ನಂಬರ್ ಬರೆದು ಹೊಲಿಯಿರಿ.

ಪ್ರಶ್ನೆ: ಮೆರವಣಿಗೆಯಲ್ಲಿ ಕುದುರೆ ಮುಂದೆಯೇ ಪಟಾಕಿ ಹಚ್ಚುತ್ತಾರೆ. ಅಭ್ಯಾಸ ಮಾಡಿಸಬಹುದಾ? (ರಾಯಚೂರಿನಿಂದ)

ಉತ್ತರ: ಸ್ವಲ್ಪ ಮಟ್ಟಿಗೆ. ಮೇವು ತಿನ್ನುವಾಗ ಮೊಬೈಲಿನಲ್ಲಿ ಪಟಾಕಿ ಸದ್ದು ತೀರಾ ಸಣ್ಣಗೆ ಹಾಕಿ. ಮೇಯುವುದು ನಿಲ್ಲಿಸದಿದ್ದರೆ ಮಾತ್ರ ಮರುದಿನ ಒಂಚೂರು ಏರಿಸಿ. ಹೊಗೆ, ಮಿಂಚು ಮೊಬೈಲಿನಲ್ಲಿ ಬರುವುದಿಲ್ಲವಲ್ಲ. ಅದಕ್ಕೇ ಬಾಡಿಗೆ ಮಾತಾಡುವಾಗಲೇ ಖಡಕ್ಕಾಗಿ ಹೇಳಿ: ಮದುಮಗ ಇಳಿದು, ಕುದುರೆ ದೂರ ಹೋದ ಮೇಲೆ ಪಟಾಕಿ. ಒಪ್ಪದವರ ಮುಂಗಡ ವಾಪಸ್ ಕೊಡಿ.

ಪ್ರಶ್ನೆ: ಕಿಡಿ ಬಿದ್ದು ಎಮ್ಮೆಯ ಬೆನ್ನು ಸುಟ್ಟರೆ ಅರಿಶಿಣ ಹಚ್ಚಬಹುದಾ? (ಸಿಂಧನೂರಿನಿಂದ)

ಉತ್ತರ: ಮೊದಲು ತಣ್ಣೀರು, ಇಪ್ಪತ್ತು ನಿಮಿಷ ಸಣ್ಣಗೆ ಹೊಯ್ಯುತ್ತಲೇ ಇರಿ. ಅರಿಶಿಣ, ಟೂತ್‌ಪೇಸ್ಟ್ ಬೇಡ, ಗಾಯ ಎಷ್ಟು ಆಳ ಅಂತ ಆಮೇಲೆ ಕಾಣುವುದಿಲ್ಲ. ಭತ್ತದ ಹುಲ್ಲಿನ ಬಣವೆ ಮನೆ ಪಕ್ಕ ಇದ್ದರೆ ಹತ್ತಿರ ನೀರಿನ ಡ್ರಮ್ ತುಂಬಿಸಿಡಿ. ಬೆಳಿಗ್ಗೆ ಮೇವು ಹಾಕುವ ಮುಂಚೆ ಗೋದಲಿ ಗುಡಿಸಿ. ಸಿಡಿಯದ ಪಟಾಕಿ ಮೇವಿನ ಜೊತೆ ಹೊಟ್ಟೆಗೆ ಹೋದೀತು.