ರಾಷ್ಟ್ರಲಾಂಛನದಲ್ಲಿ ಮೂರೇ ಸಿಂಹ ಯಾಕೆ? ಅದಕ್ಕೂ ನಮ್ಮ ಮಸ್ಕಿಗೂ ಏನು ಸಂಬಂಧ?

ಸಿಂಹಗಳು ನಾಲ್ಕಿವೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದರಿಂದ ಹಿಂದಿನದು ಚಿತ್ರದಲ್ಲಿ ಮರೆಯಾಗುತ್ತದೆ, ಅಷ್ಟೇ. ಇದು ಸಾರನಾಥದ ಅಶೋಕ ಕಂಬದ ತಲೆಭಾಗ. 1904-05ರಲ್ಲಿ ಅಗೆಯುವಾಗ ಸಿಕ್ಕಿತು, 1950ರ ಜನವರಿ 26ರಂದು ದೇಶದ ಲಾಂಛನವಾಯಿತು.

ಸಿಂಹಗಳ ಕಾಲ ಕೆಳಗಿನ ಪಟ್ಟಿಯನ್ನು ಗಮನವಿಟ್ಟು ನೋಡಿ. ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ. ಮೂಲ ಶಿಲ್ಪದ ಪಟ್ಟಿಯಲ್ಲಿ ಆನೆ, ಸಿಂಹವೂ ಇವೆ. ಕೆಳಗೆ ಕವುಚಿದ ಕಮಲವಿದೆ. ಲಾಂಛನದಲ್ಲಿ ಅದನ್ನು ಬಿಟ್ಟಿದ್ದಾರೆ. ಬುದ್ಧ ಮೊದಲು ಬೋಧಿಸಿದ್ದು ಸಾರನಾಥದಲ್ಲೇ. ಹಾಗಾಗಿ ಈ ಸಿಂಹಗಳು ಅವನ ಮಾತನ್ನು ನಾಲ್ಕೂ ದಿಕ್ಕಿಗೆ ಸಾರುತ್ತಿವೆ ಎಂದು ಹಲವರು ಅರ್ಥ ಹೇಳುತ್ತಾರೆ. ‘ಸತ್ಯಮೇವ ಜಯತೇ’ ಮಾತ್ರ ಕಂಬದ್ದಲ್ಲ, ಮುಂಡಕೋಪನಿಷತ್ತಿನದು.

ಇನ್ನು ಮಸ್ಕಿ. ಅಲ್ಲಿನ ಶಾಸನ ಸಿಗುವವರೆಗೆ ಗೊತ್ತಿದ್ದ ಇಂಥ ಶಾಸನಗಳಲ್ಲಿ ರಾಜನ ಹೆಸರು ಬರೀ ‘ದೇವಾನಂಪಿಯ’ (ದೇವರಿಗೆ ಪ್ರಿಯನಾದವನು), ‘ಪಿಯದಸಿ’ ಎಂಬ ಬಿರುದುಗಳಲ್ಲಿತ್ತು. ಅವನೇ ಅಶೋಕ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಬೇಕಿತ್ತು ಅಲ್ವಾ? 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ‘ಅಸೋಕಸ’ (ಅಶೋಕನ) ಎಂದು ಹೆಸರೇ ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಸಿಕ್ಕಿತು. ಸಿಂಹ ಸಾರನಾಥದ್ದು, ಆದರೆ ಕಂಬ ನಿಲ್ಲಿಸಿದವನ ಹೆಸರನ್ನು ಉಳಿಸಿಕೊಂಡದ್ದು ನಮ್ಮ ಕಡೆಯ ಬಂಡೆಗಳು. ನನಗಂತೂ ಇದೇ ಜಾಸ್ತಿ ಹೆಮ್ಮೆ.